ಹುಲ್ಲು ಬೆಳೆಯುವಷ್ಟು ಕಾಲ

ಮೈದಾನ ಸತ್ತುಹೋಗಿದ್ದನ್ನು ಮೊದಲು ಕಂಡವನು ಫ್ಯೂಸು. ಅದೂ ನೆಲದ ಮೇಲೆ ನಿಂತಲ್ಲ, ದೀಪದ ಕಂಬದ ತುದಿಯಿಂದ. ಕೆಟ್ಟ ಬಲ್ಬು ಬಿಚ್ಚುತ್ತ ಕೂತಿದ್ದವನ ಕೈಯಿಂದ ಸ್ಪ್ಯಾನರ್ ಜಾರಿತು. ಎಲ್ಲಿ ಬಿತ್ತೆಂದು ಬಗ್ಗಿ ನೋಡಿದವನಿಗೆ ಸ್ಪ್ಯಾನರ್ ಮರೆತೇಹೋಯಿತು. ಹುಲ್ಲು ಯಾಕೋ ಹಳದಿಯಾಗುತ್ತಿದೆ ಎಂದು ಅವನ ಮಾವ ಒಂದೆರಡು ದಿನದಿಂದ ಗೊಣಗುತ್ತಲೇ ಇದ್ದ. ಈಗ ಮೇಲಿನಿಂದ ನೋಡಿದರೆ ಇಡೀ ಮೈದಾನ ಬಾಗಿಲ ಮುಂದಿನ ಹಳೇ ಕಾಲೊರಸಿನ ಬಣ್ಣಕ್ಕೆ ತಿರುಗಿತ್ತು. ನಟ್ಟನಡುವೆ ಪಿಚ್ಚು ಮತ್ತು ಅದರ ಸುತ್ತಲಿನ ಒಂದು ಚೌಕ ಮಾತ್ರ ಹಸಿರು. ಉತ್ತರದ ತುದಿಯಲ್ಲಿ, ಹಿಂದಿನ ವಾರ ಆಳುವ ಪಕ್ಷದ ನಾಯಕರ ಸಭೆಗೆ ವೇದಿಕೆ ಹಾಕಿದ್ದ ಜಾಗ, ಜ್ವರ ಬಿಟ್ಟವನ ಮುಖದ ಹಾಗೆ ಬಿಳಿಚಿಕೊಂಡು ಬೇರೆಯಾಗಿ ಕಾಣುತ್ತಿತ್ತು.

ಫ್ಯೂಸು ಆ ಕ್ರೀಡಾಂಗಣದ ಕರೆಂಟಿನ ಕೆಲಸದವನು. ಹೆಸರು ಬಂದದ್ದು ಕೆಲಸದಿಂದಲ್ಲ, ಸಿಟ್ಟಿನಿಂದ. ಊರಿನ ಯಾವ ಫ್ಯೂಸಿಗಿಂತಲೂ ಅವನ ತಲೆಯದೇ ಮೊದಲು ಹಾರುತ್ತಿತ್ತು. ಅವನ ಸೋದರಮಾವ ಅಲ್ಲಿಯ ಮೈದಾನ ನೋಡಿಕೊಳ್ಳುವವನು. ಹಿಂದೊಮ್ಮೆ ನದಿ ಉಕ್ಕಿದಾಗ ನೂರಾರು ಸಂಸಾರಗಳನ್ನು ತಂದು ಪಶ್ಚಿಮದ ಗ್ಯಾಲರಿಯ ಕೆಳಗೆ ತುಂಬಿದ್ದರು. ನೀರು ಇಳಿದ ಮೇಲೆ ಎಲ್ಲರೂ ಹೋದರು. ಹೋಗಲು ಮನೆಯೂ ಇಲ್ಲದ, ಕರೆಯಲು ಹಿರಿಯರೂ ಇಲ್ಲದ ಒಬ್ಬ ಅಣ್ಣ, ಒಬ್ಬಳು ತಂಗಿ ಉಳಿದರು. ಅಣ್ಣನೇ ಈ ಮಾವ. ತಂಗಿ ಫ್ಯೂಸಿನ ಅವ್ವ. ಅವ್ವ ತೀರಿಕೊಂಡ ಮೇಲೆ ಗ್ಯಾಲರಿಯ ಕೆಳಗಿನ ಆ ಎರಡು ಕೋಣೆಯಲ್ಲಿ ಮಾವ ಅಳಿಯ ಇಬ್ಬರೇ. ಮೈದಾನ ಹೋದರೆ ಅವರ ಮನೆ ಹೋಯಿತು, ಮಾತು ಅಷ್ಟೇ.

ಮೈದಾನ ಹೋಗುವುದು ಹುಲ್ಲಿನ ಮೇಲೆ ನಿಂತಿತ್ತು. ದೊಡ್ಡ ಗೇಟಿನ ನೆತ್ತಿಯ ಮೇಲೆ ಒಂದು ಕಲ್ಲಿದೆ: ‘ಇಲ್ಲಿ ಹುಲ್ಲು ಬೆಳೆಯುವಷ್ಟು ಕಾಲ ಈ ನೆಲ ಆಟಕ್ಕೆ ಮೀಸಲು.’ ಕೆತ್ತಿಸಿದವನು ಒಬ್ಬ ಸಾಬೂನು ಕಾರ್ಖಾನೆಯ ಧಣಿ. ಮಹಾ ದಾನಿ ಎಂದು ಗೇಟಿನಲ್ಲೇ ಅವನ ತಲೆಯ ಪ್ರತಿಮೆಯೂ ಇದೆ. ನಿಜ ಏನೆಂದರೆ ಆ ಜಾಗ ಅವನ ಕುದುರೆಗಳು ಮಂಡಿಯವರೆಗೆ ಹೂತುಹೋಗುತ್ತಿದ್ದ ಜೌಗು. ಮಾರಿದರೆ ಕೊಳ್ಳುವವರಿಲ್ಲ, ಕೊಟ್ಟರೆ ಪುಣ್ಯ. ಕಾರ್ಖಾನೆಯ ಬೂದಿ ಸುರಿದು ಜೌಗು ತುಂಬಿಸಿ, ಮೇಲೊಂದು ಕಲ್ಲು ನಿಲ್ಲಿಸಿ ಕೈ ತೊಳೆದುಕೊಂಡ. ಸಾಬೂನಂತೂ ಅವನದೇ ಇತ್ತು. ಇನ್ನೊಬ್ಬರ ಹೆಸರು ತನ್ನ ಪಕ್ಕ ನಿಲ್ಲುವುದು ಅವನಿಗೆ ಆಗದು, ಅದಕ್ಕೇ ಗ್ಯಾಲರಿಗಳಿಗೆ ಬರೀ ದಿಕ್ಕಿನ ಹೆಸರಿರಬೇಕೆಂದು ಕರಾರು ಹಾಕಿದ್ದ.

ಆಟಕ್ಕೆ ಮೀಸಲು ಎಂದ ನೆಲದಲ್ಲಿ ಆಟ ಬಿಟ್ಟು ಉಳಿದದ್ದೆಲ್ಲ ನಡೆದಿತ್ತು. ಯುದ್ಧದ ಕಾಲದಲ್ಲಿ ದಕ್ಷಿಣದ ಗ್ಯಾಲರಿಯಲ್ಲಿ ಧಾನ್ಯ ತುಂಬಿದರು. ಸೈನಿಕರಿಗಿಂತ ಇಲಿಗಳು ಹೆಚ್ಚು ತಿಂದವು. ಸರ್ಕಸ್ಸಿನವರು ಆನೆ ತಂದರು, ಆನೆ ಮಲಗಿದ ಗುಂಡಿ ಮುಚ್ಚಲು ಮಾವನಿಗೆ ಒಂದು ಇಡೀ ಋತು ಹಿಡಿಯಿತು. ಮುಷ್ಕರ ಹೂಡಿದವರನ್ನು ಹಿಡಿದು ತಂದು ಬಿಸಿಲಲ್ಲಿ ಕೂರಿಸಿದ್ದೂ ಇಲ್ಲೇ, ಅದೇ ಮುಷ್ಕರದ ಮುಂದಾಳು ಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದೂ ಇಲ್ಲೇ. ಮತ ಎಣಿಸಿದರು, ಕಾರು ಮಾರಿದರು, ಹೊಗೆ ಬಿಟ್ಟು ಹಾಡಿದರು. ಪ್ರತಿಯೊಬ್ಬರೂ ಹೋಗುವಾಗ ‘ಐತಿಹಾಸಿಕ ಮೈದಾನ’ ಎಂದು ಹೊಗಳಿ, ಒಂದು ಗುಂಡಿ ಬಿಟ್ಟು ಹೋದರು. ಗುಂಡಿ ತುಂಬಿ ಹುಲ್ಲು ನೆಡುವವನು ಮಾವ. ಅವನ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಈಗ ನಗರಪಾಲಿಕೆಗೆ ಹೊಸ ಹುಚ್ಚು ಹಿಡಿದಿತ್ತು. ಇದನ್ನು ಕೆಡವಿ, ಗಾಜಿನ ಗೋಡೆ, ಮುಚ್ಚಿದ ಚಾವಣಿ, ಸುತ್ತ ಅಂಗಡಿ, ಒಳಗೆ ಪ್ಲಾಸ್ಟಿಕ್ ಹುಲ್ಲು ಇರುವ ಅರೀನಾ ಕಟ್ಟುವುದು. ಅಡ್ಡ ಬಂದದ್ದು ಆ ಕಲ್ಲೊಂದೇ. ಹುಲ್ಲು ಬೆಳೆಯುವಷ್ಟು ಕಾಲ ಮುಟ್ಟುವ ಹಾಗಿಲ್ಲ ಎಂದು ಕೋರ್ಟು ಎರಡು ಸಲ ಹೇಳಿತ್ತು. ಈಗ ಹುಲ್ಲು ಸತ್ತಿತ್ತು.

ಮಧ್ಯಾಹ್ನದೊಳಗೆ ಎಲ್ಲರೂ ಬಂದಿಳಿದರು. ಹೆಣ ಬಿದ್ದ ಮನೆಗೆ ಬಂದ ನೆಂಟರ ಹಾಗೆ, ಮುಖದಲ್ಲಿ ದುಃಖ, ಕಣ್ಣು ಆಸ್ತಿಯ ಮೇಲೆ. ಪಾಲಿಕೆಯ ಕಮಿಷನರ್ ಬಂದರು, ಠಾಣೆಯ ಇನ್‌ಸ್ಪೆಕ್ಟರ್ ಬಂದರು. ಹೊಸ ಅರೀನಾದ ನಕ್ಷೆ ಬರೆದ ಆರ್ಕಿಟೆಕ್ಟ್ ಬಂದ. ಹುಲ್ಲು ಬದುಕಿದ್ದಾಗಲೇ ಈ ಮೈದಾನವನ್ನು ‘ನಗರದ ಎದೆಯ ಮೇಲಿನ ಸತ್ತ ಜಾಗ’ ಎಂದು ಪತ್ರಿಕೆಗೆ ಹೇಳಿದ್ದ ಮಹಾಶಯ. ಎಲ್ಲರ ಮುಂದೆ ಕ್ಯಾಪ್ಟನ್. ಒಂದು ಕಾಲಕ್ಕೆ ಊರಿನ ತಂಡವನ್ನು ನಡೆಸಿದ್ದ ಎಡಗೈ ಬ್ಯಾಟುಗಾರ, ಈಗ ಕ್ರೀಡಾ ಸಂಘದ ಅಧ್ಯಕ್ಷ, ‘ಮೈದಾನ ಉಳಿಸಿ’ ಚಳವಳಿಯ ಮುಖಂಡ. ಪೆವಿಲಿಯನ್ನಿನ ಗೋಡೆಯಲ್ಲಿ ಅವರು ಬ್ಯಾಟು ಎತ್ತಿ ನಿಂತ ಚಿತ್ರ ಆಳೆತ್ತರಕ್ಕಿದೆ. ಅವರು ಪಿಚ್ಚಿನ ಅಂಚಿನಲ್ಲಿ ಮಂಡಿಯೂರಿ, ಒಣಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಕ್ಯಾಮೆರಾಗಳಿಗೆ ಸಾಕಾಗುವಷ್ಟು ಹೊತ್ತು ಅತ್ತರು.

ಇನ್‌ಸ್ಪೆಕ್ಟರಿಗೆ ಕಳ್ಳನನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೋಲರ್ ನಿಲ್ಲಿಸುವ ಶೆಡ್ಡಿನಲ್ಲಿ, ಗೋಣಿಚೀಲದ ಹಿಂದೆ, ಕಳೆ ಸುಡುವ ಔಷಧಿಯ ಖಾಲಿ ಡಬ್ಬ ಸಿಕ್ಕಿತು. ಸಭೆಯ ಹಿಂದಿನ ಬುಧವಾರ ಸಂಜೆ ಮಾವ ಬೆನ್ನಿಗೆ ಪಂಪು ಕಟ್ಟಿಕೊಂಡು ಮೈದಾನಕ್ಕೆಲ್ಲ ಏನೋ ಹೊಡೆದದ್ದನ್ನು ವಾಕಿಂಗಿಗೆ ಬಂದವರೆಲ್ಲ ನೋಡಿದ್ದರು. ಕೋಣೆ ಖಾಲಿ ಮಾಡಬೇಕೆಂದು ಪಾಲಿಕೆಯ ನೋಟೀಸು ಬಂದದ್ದೂ ಅದೇ ವಾರ. ‘ನನಗಿಲ್ಲದ್ದು ಯಾರಿಗೂ ಬೇಡ’ ಎಂದು ವಿಷ ಹಾಕಿದ್ದಾನೆ, ಇನ್ನೇನು ಬೇಕು.

"ಅದು ಗೊಬ್ಬರದ ನೀರು ಸ್ವಾಮಿ," ಎಂದ ಮಾವ. ಹುಲ್ಲನ್ನೇ ನೋಡುತ್ತಿದ್ದ.

ಕ್ಯಾಪ್ಟನ್ ಎದ್ದು ಬಂದು ಮಾವನ ಭುಜದ ಮೇಲೆ ಕೈಯಿಟ್ಟರು. "ಬೈಬೇಡಿ ಅವನನ್ನ. ಅಷ್ಟೆಲ್ಲ ಹೊಡೆದವನಿಗೂ ಪಿಚ್ ಮೇಲೆ ಕೈ ಬರಲಿಲ್ಲ ನೋಡಿ. ಸಾಕಿದ ಕರುಳು."

ಅದನ್ನು ಕೇಳಿ ಎಲ್ಲರೂ ತಲೆದೂಗಿದರು. ಕರುಣೆಯ ಮಾತೇ ಕೊರಳಿಗೆ ಉರುಳಾಯಿತು. ಪಿಚ್ಚು ಹಸಿರಾಗಿ ಉಳಿದದ್ದೇ ಮಾವನ ತಪ್ಪಿಗೆ ಸಾಕ್ಷಿ ಎನ್ನುವಂತಾಯಿತು. ಫ್ಯೂಸು ಹಾರಿದ. ಇನ್‌ಸ್ಪೆಕ್ಟರಿನ ಕಾಲರಿಗೆ ಅವನ ಕೈ ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಶರ್ಟು ಹಿಡಿದು ಎಳೆದರು.

"ಲೋ, ಒಳಗೆ ಹೋಗೋಕೆ ಒಬ್ಬ ಸಾಲದಾ?"

ಬೆರಳಮ್ಮ.

ಆ ಊರಿನ ಕ್ರಿಕೆಟ್ಟಿನಲ್ಲಿ ಅಂಪೈರ್ ಆಗಿ ನಿಂತ ಮೊದಲ ಹೆಂಗಸು ಆಕೆ. ಔಟು ಕೊಡುವಾಗ ಮಾತಿಲ್ಲ, ವಿವರಣೆಯಿಲ್ಲ, ಒಂದು ಬೆರಳು ಮಾತ್ರ ಮೇಲೇಳುತ್ತಿತ್ತು. ಅದಕ್ಕೇ ಆ ಹೆಸರು. ಯಾವುದೋ ಟೂರ್ನಿಗೆಂದು ಬಂದಾಗ ಪೆವಿಲಿಯನ್ ಮೆಟ್ಟಿಲ ಕೆಳಗೊಂದು ಕೋಣೆ ಕೊಟ್ಟಿದ್ದರು. ಟೂರ್ನಿ ಮುಗಿದು ಯುಗ ಕಳೆಯಿತು, ಬೀಗದ ಕೈ ಹಿಂದೆ ಬಂದಿಲ್ಲ. ಕೇಳುವ ಧೈರ್ಯವೂ ಯಾರಿಗಿಲ್ಲ. ಬಹುಮಾನದ ಬೆಳ್ಳಿ ಕಪ್ಪು ಕರಗಿಸಿ ತವರದ ಕಪ್ಪು ಇಟ್ಟವನನ್ನು ಹಿಡಿದದ್ದು ಆಕೆ. ಆಟಗಾರರ ಶೂ ಕದಿಯುತ್ತಿದ್ದ ವೈದ್ಯರನ್ನು ಹಿಡಿದದ್ದೂ ಆಕೆ. ಆಕೆಯ ಕೋಣೆಯ ವೈರಿಂಗು ನೋಡುವುದು ಫ್ಯೂಸಿನ ಕೆಲಸ, ಆಕೆಯ ಮಾತು ಕೇಳುವುದು ಅವನ ಚಟ. ಇಬ್ಬರಿಗೂ ಒಂದೇ ರೋಗ: ದೊಡ್ಡ ಮನುಷ್ಯರನ್ನು ಕಂಡರೆ ಆಗದು. ವ್ಯತ್ಯಾಸವೆಂದರೆ ಅವನಿಗೆ ಮೈ ಉರಿಯುತ್ತಿತ್ತು, ಆಕೆಗೆ ನಗು ಬರುತ್ತಿತ್ತು.

ಕಮಿಷನರು ಶುಕ್ರವಾರ ಮತ್ತೆ ಬಂದು ‘ಇಲ್ಲಿ ಹುಲ್ಲಿಲ್ಲ’ ಎಂದು ಅಧಿಕೃತವಾಗಿ ಘೋಷಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಮಾವನನ್ನು ತಾನು ಎಲ್ಲಿಗೂ ಬಿಡುವುದಿಲ್ಲ, ಆಮೇಲೆ ಬೇಕಾದರೆ ಕರೆದುಕೊಂಡು ಹೋಗಿ ಎಂದು ಬೆರಳಮ್ಮ ಇನ್‌ಸ್ಪೆಕ್ಟರನ್ನು ಒಪ್ಪಿಸಿದಳು. ಕ್ಯಾಮೆರಾಗಳು ಶುಕ್ರವಾರ ಹೆಚ್ಚು ಬರುತ್ತವೆ ಎಂಬುದೊಂದೇ ಅವರಿಗೆ ಅರ್ಥವಾದ ಕಾರಣ.

ಎಲ್ಲರೂ ಹೋದ ಮೇಲೆ ಆಕೆ ನೇರ ಹೋಗಿದ್ದು ವೇದಿಕೆ ಇದ್ದ ಜಾಗಕ್ಕೆ. ಕುಕ್ಕರುಗಾಲಲ್ಲಿ ಕೂತು ಒಂದು ಎಳೆ ಕಿತ್ತಳು. ಬಿಳಿಚಿದ ಉದ್ದನೆಯ ಎಳೆ, ಬುಡದಲ್ಲಿ ಒದ್ದೆ ಬೇರು. ಆಮೇಲೆ ಅಲ್ಲಿಂದ ಒಂದು ಮಾರು ದೂರದಲ್ಲಿ ಇನ್ನೊಂದು ಕಿತ್ತಳು. ಅದು ಕೈಯಲ್ಲೇ ಪುಡಿಯಾಯಿತು.

"ವೇದಿಕೆ ಅಡೀಲಿ ಬಿಸಿಲಿಲ್ಲದೆ ಬಿಳಿಚಿಕೊಂಡಿದೆ ಅಷ್ಟೇ ಅಮ್ಮಾ," ಎಂದ ಫ್ಯೂಸು.

"ಬಿಳಿಚಿಕೊಂಡಿದೆ. ಸತ್ತಿಲ್ಲ," ಎಂದು ಆಕೆ ಎಳೆಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

ಶೆಡ್ಡಿನಲ್ಲಿ ಔಷಧಿ ಹೊಡೆಯುವ ಗಾಡಿಯಿತ್ತು. ಎರಡು ಗಾಲಿ, ಒಂದು ಡ್ರಮ್ಮು, ಅಡ್ಡಕ್ಕೆ ಉದ್ದನೆಯ ಕೊಳವೆ. ಬ್ಯಾಟರಿಯಿಂದ ಪಂಪು ನಡೆಯುತ್ತದೆ, ತಳ್ಳಿಕೊಂಡು ಹೋದರೆ ಸಾಕು. ಅದನ್ನು ಕಂಡದ್ದೇ ಫ್ಯೂಸಿಗೆ ಹಳೆಯ ಸಿಟ್ಟೊಂದು ನೆನಪಾಯಿತು. ಆ ಬುಧವಾರ ಬ್ಯಾಟರಿ ಅವನ ಬಳಿ ಚಾರ್ಜಿಗಿತ್ತು, ಅದಕ್ಕೇ ಮಾವ ಬೆನ್ನಿನ ಪಂಪು ಕಟ್ಟಿಕೊಂಡಿದ್ದ. ಗುರುವಾರ ಬೆಳಿಗ್ಗೆ ಚಾರ್ಜು ತುಂಬಿಸಿ ಗಾಡಿಗೆ ಕೂರಿಸಿ, ಸಭೆಯ ಬಂದೋಬಸ್ತಿಗೆಂದು ಪೊಲೀಸರು ಎಲ್ಲರನ್ನೂ ಅಟ್ಟಿದ್ದಕ್ಕೆ ಹೊರಗೆ ಹೋಗಿದ್ದ. ಸೋಮವಾರ ಬಂದು ನೋಡಿದರೆ ಬ್ಯಾಟರಿ ಪೂರ್ತಿ ಖಾಲಿ.

"ಯಾರ ಮೇಲೆ ಕೂಗಾಡಿದೆ ಆವತ್ತು?"

"ಅಂಗಡಿಯವನ ಮೇಲೆ. ಹೊಸ ಬ್ಯಾಟರಿ ಅಂತ ಹಳೇದು ಕೊಟ್ಟ ಅಂತ."

"ಪಾಪ ಅಂಗಡಿಯವನು," ಎಂದಳು ಬೆರಳಮ್ಮ, ಮತ್ತು ಆ ದಿನ ಮೊದಲ ಬಾರಿಗೆ ನಕ್ಕಳು.

ಸಭೆಯ ಆ ವಾರದ ಕತೆ ಇಷ್ಟು. ನಾಯಕರಿಗೆ ಜನರ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಭಯ. ಗುರುವಾರ ಬೆಳಿಗ್ಗೆ ಪೆಂಡಾಲಿನವನು ವೇದಿಕೆ ಎಬ್ಬಿಸಲು ಬರುವ ಹೊತ್ತಿಗೆ ಪೊಲೀಸರು ಒಳಗಿದ್ದವರನ್ನೆಲ್ಲ ಹೊರಹಾಕಿ ಬೀಗದ ಕೈಗಳನ್ನು ತೆಗೆದುಕೊಂಡು ಪೆವಿಲಿಯನ್ನಿನ ಗೋಡೆಗೆ ನೇತುಹಾಕಿದರು. ಬೆರಳಮ್ಮನನ್ನೂ ಬಿಡಲಿಲ್ಲ, ಆಕೆ ಬಸ್ ನಿಲ್ದಾಣದ ಲಾಡ್ಜಿನಲ್ಲಿ ತಿಗಣೆಗಳಿಗೆ ಔಟು ಕೊಡುತ್ತ ಕಳೆದಳು. ಗೂಟ ಹೊಡೆಯಲು ಹುಲ್ಲು ಅಗೆದದ್ದಕ್ಕೆ ಮಾವ ಹೊರಹೋಗದೆ ನಿಂತು ಪೆಂಡಾಲಿನವರ ಮೇಲೆ ಬಿದ್ದು ಬೈದ. ಮುನ್ನೆಚ್ಚರಿಕೆಯೆಂದು ಅವನನ್ನು ಸೀದಾ ಠಾಣೆಗೆ ಒಯ್ದರು. ಭಾನುವಾರ ಸಭೆ ಮುಗಿದು, ಸೋಮವಾರ ವೇದಿಕೆ ಬಿಚ್ಚಿದ ಮೇಲೆಯೇ ಅವನನ್ನು ಬಿಟ್ಟದ್ದು.

ಬೆರಳಮ್ಮ ಠಾಣೆಗೆ ಹೋಗಿ ಇದನ್ನು ಇನ್‌ಸ್ಪೆಕ್ಟರಿನ ಬಾಯಿಂದಲೇ ಕೇಳಿಸಿಕೊಂಡಳು. ಅಷ್ಟೂ ದಿನ ಮಾವ ಒಂದು ಸಲವೂ ಹೊರಗೆ ಕಾಲಿಟ್ಟಿಲ್ಲವೇ ಎಂದು ಎರಡೆರಡು ಸಲ ಕೇಳಿದಳು. ತನ್ನ ಠಾಣೆಯಿಂದ ಇರುವೆಯೂ ಹೊರಗೆ ಹೋಗುವುದಿಲ್ಲ ಎಂದು ಅವರು ಎದೆ ಉಬ್ಬಿಸಿದರು. ಅದಕ್ಕೇ ಹೇಳುತ್ತಿರುವುದು, ಅವನು ಹೊಡೆದದ್ದು ಬುಧವಾರವೇ. ಈ ವಿಷ ಬಿದ್ದ ದಿನವೇ ಕೊಲ್ಲುವುದಿಲ್ಲ, ವಾರ ಹಿಡಿಯುತ್ತದೆ, ಡಬ್ಬದ ಮೇಲೇ ಬರೆದಿದೆ ಎಂದರು.

ಆ ದಿನಗಳಲ್ಲಿ ಒಳಗೆ ಓಡಾಡಲು ಪಾಸು ಇದ್ದವರು ಮೂವರೇ: ಪೆಂಡಾಲಿನವನು ಮತ್ತು ಅವನ ಆಳುಗಳು, ನಾಯಕರಿಗೆ ಅರೀನಾದ ಮಾದರಿ ತೋರಿಸಲು ಬಂದಿದ್ದ ಆರ್ಕಿಟೆಕ್ಟ್, ಸ್ವಾಗತ ಸಮಿತಿಯ ಅಧ್ಯಕ್ಷರಾಗಿ ಪೆವಿಲಿಯನ್ನಿನಲ್ಲೇ ಬಿಡಾರ ಹೂಡಿದ್ದ ಕ್ಯಾಪ್ಟನ್. ಫ್ಯೂಸಿಗೆ ಅನುಮಾನವೇ ಇರಲಿಲ್ಲ. ಆರ್ಕಿಟೆಕ್ಟೇ. ಅವನ ಮೂಗು ನೋಡಿದರೇ ಗೊತ್ತಾಗುತ್ತದೆ.

"ಮೂಗಿಗೆ ಔಟು ಕೊಡೋಕಾಗಲ್ಲ, ನಡಿ," ಎಂದಳು ಬೆರಳಮ್ಮ.

ಆರ್ಕಿಟೆಕ್ಟಿನ ಕಚೇರಿಯಲ್ಲಿ ಮಾದರಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಬೆರಳುದ್ದದ ಮರಗಳು, ಅಂಗಡಿಗಳು, ಬಟಾಣಿ ಗಾತ್ರದ ಕಾರುಗಳು. ಬಡವರು ಮಾತ್ರ ಎಲ್ಲೂ ಇರಲಿಲ್ಲ, ಆ ಗಾತ್ರದಲ್ಲಿ ಮಾಡಲು ಬರುವುದಿಲ್ಲವೇನೋ. ಹೆಬ್ಬಾಗಿಲಿನ ಮೇಲೆ ಹೆಸರಿನ ಹಲಗೆ ಖಾಲಿಯಿತ್ತು. ಅದರ ಮುಂದೆ ಚಿನ್ನದ ಬಣ್ಣದ ಒಂದು ಬೊಂಬೆ ಬ್ಯಾಟು ಎತ್ತಿ ನಿಂತಿತ್ತು. ಯಾರ ಹೆಸರಿಡುತ್ತೀರಿ ಎಂದು ಬೆರಳಮ್ಮ ಕೇಳಿದ್ದಕ್ಕೆ, ನಾಯಕರು ಮಾತು ಕೊಟ್ಟಾಗಿದೆ, ಈಗಲೇ ಹೇಳುವಂತಿಲ್ಲ ಎಂದು ಅವನು ನಕ್ಕ. ಆಕೆ ಬೊಂಬೆಯನ್ನು ಬಗ್ಗಿ ನೋಡಿದಳು, ಮೊದಲು ಮುಂದಿನಿಂದ, ಆಮೇಲೆ ಬೌಲರ್ ಹಿಂದೆ ಅಂಪೈರ್ ನಿಲ್ಲುವ ಕಡೆಯಿಂದ.

ಪೆಂಡಾಲಿನವನು ಗೋದಾಮಿನಲ್ಲಿ ಬಟ್ಟೆ ಮಡಿಸುತ್ತಿದ್ದ. ಅವನಿಗೂ ಸಿಟ್ಟಿತ್ತು. ಪೊಲೀಸರು ಅವನ ಆಳುಗಳ ಬುತ್ತಿಯನ್ನೂ ಕೆದಕಿ ನೋಡಿದರಂತೆ, ಒಬ್ಬನ ಉಗುರು ಕತ್ತರಿ ಕಿತ್ತುಕೊಂಡರಂತೆ. ಶನಿವಾರ ಬೆಳಿಗ್ಗೆ ಆ ಸೊಳ್ಳೆಯವನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

"ಯಾವ ಸೊಳ್ಳೆಯವನು?"

"ಸೊಳ್ಳೆ ಔಷಧಿ ಹೊಡೆಯೋಕೆ ಬಂದವನು. ಟೋಪಿ, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು. ಪೆವಿಲಿಯನ್ ಕಡೆಯಿಂದ ಗಾಡಿ ತಳ್ಕೊಂಡು ಬಂದ. ನಾಯಕರಿಗೆ ಸೊಳ್ಳೆ ಕಚ್ಚಿದ್ರೆ ಯಾರ ಕೆಲಸ ಹೋಗುತ್ತೋ ಅಂತ ಪೊಲೀಸ್ರೇ ದಾರಿ ಬಿಟ್ರು." ಬಟ್ಟೆ ಕೊಡವಿ ಮುಂದುವರಿಸಿದ. "ಬಲು ಬಿಗುಮಾನದ ಮನುಷ್ಯ. ಟೀ ಕುಡಿ ಬಾರಪ್ಪ ಅಂದ್ರೆ ಕೈ ಬೀಸಿದ. ಕೆಲಸವೂ ಬಾರದು. ವೇದಿಕೆ ಅಡೀಲಿ ಗಾಡಿ ಹೋಗಲ್ಲ, ಸುತ್ತು ಹಾಕಿದ, ಸರಿ. ನಟ್ಟನಡುವೆ ಏನಿತ್ತು? ಹಗ್ಗ ಇಲ್ಲ, ಗೂಟ ಇಲ್ಲ. ಪ್ರತಿ ಸಲ ಅಲ್ಲಿಗೆ ಬಂದಾಗ ಗಾಡಿ ತಿರುಗಿಸ್ಕೊಂಡು ಸುತ್ತಿ ಹೋಗೋನು. ನೇರ ಹೊಡ್ಕೊಂಡು ಹೋಗಯ್ಯ ಅಂತ ಕೂಗಿದೆ. ಕಿವೀಗೇ ಹಾಕ್ಕೊಳ್ಳಲಿಲ್ಲ."

"ಭಾನುವಾರ ನೀವು ಅಲ್ಲಿ ಏನು ಮಾಡಿದ್ರಿ?"

"ನಾವಾ? ಕುರ್ಚಿ ಹಾಕಿದ್ವಿ. ಹುಲ್ಲು ತಾನೇ."

ಬೆರಳಮ್ಮ ಪಾಲಿಕೆಯ ಆರೋಗ್ಯ ವಿಭಾಗಕ್ಕೊಂದು ಫೋನು ಮಾಡಿಸಿದಳು. ಸೊಳ್ಳೆ ಔಷಧಿಗೆ ತಾವು ಯಾರನ್ನೂ ಕಳಿಸಿಲ್ಲ, ಕಳಿಸುವ ಅಭ್ಯಾಸವೂ ಇಲ್ಲ ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು.

ಕಮಿಷನರು ಬರುವ ಹಿಂದಿನ ದಿನ, ಗುರುವಾರ ಸಂಜೆ, ಮಾವ ಕೋಣೆಯಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದ. ಫ್ಯೂಸು ಅದನ್ನು ಬಿಚ್ಚಿ ಮತ್ತೆ ಮೊಳೆಗೆ ನೇತುಹಾಕಿದ. ಮಾವ ಮತ್ತೆ ತೆಗೆದು ಮಡಿಸಿದ. ಕೊನೆಗೆ ಮಾವನೇ, ತಾನು ಜೈಲಿಗೆ ಹೋದರೂ ಪಿಚ್ಚಿಗೆ ನೀರು ತಪ್ಪಿಸಬೇಡ ಎಂದ. ಅಳು ಬರಬೇಕಾದ ಕಡೆ ಫ್ಯೂಸಿಗೆ ಸಿಟ್ಟು ಬರುತ್ತದೆ. ಹೊರಗೆ ಹೋಗಿ ಸಾಬೂನಿನ ಧಣಿಯ ಕಲ್ಲು ಮುಖಕ್ಕೆ ಬಾಯಿಗೆ ಬಂದ ಹಾಗೆ ಬೈದು ಬಂದ.

ಶುಕ್ರವಾರ ಬೆರಳಮ್ಮ ಅವನಿಂದ ಎರಡೇ ಕೆಲಸ ಮಾಡಿಸಿದಳು. ಪೆವಿಲಿಯನ್ನಿಗೆ ಸರಿಯಾಗಿ ಎದುರು, ಮೈದಾನದ ಆಚೆ ಅಂಚಿನಲ್ಲಿ, ನೆರಳಿನಲ್ಲಿ ಕುರ್ಚಿ ಹಾಕಿಸಿದಳು. ಔಷಧಿಯ ಗಾಡಿಯನ್ನೂ ಅಲ್ಲಿಗೆ ತರಿಸಿದಳು. ಅಷ್ಟು ದೂರ ಯಾಕೆ ಎಂದು ಕೇಳಿದ್ದಕ್ಕೆ, ದೊಡ್ಡವರಿಗೆ ನಡಿಗೆ ಒಳ್ಳೆಯದು ಎಂದಳು.

ಒಬ್ಬೊಬ್ಬರಾಗಿ ಪೆವಿಲಿಯನ್ನಿನಿಂದ ಹೊರಟರು. ಕಮಿಷನರು ಶಪಿಸುತ್ತ, ಪಿಚ್ಚಿನ ಹಸಿರಿನ ಮೇಲೆ ಬೂಟು ಒತ್ತಿ ನೇರ ಬಂದರು. ಅವರ ಹಿಂದೆ ಇನ್‌ಸ್ಪೆಕ್ಟರ್. ಆರ್ಕಿಟೆಕ್ಟ್ ಫೋನಿನಲ್ಲಿ ಮಾತಾಡುತ್ತ ಬಂದ, ಕಾಲಡಿಯಲ್ಲಿ ಏನಿದೆಯೆಂದು ನೋಡಲೂ ಇಲ್ಲ. ಪೆಂಡಾಲಿನವನು ಚಪ್ಪಲಿ ಎಳೆಯುತ್ತ ಬಂದ. ಮಾವ ಬರಿಗಾಲಲ್ಲಿ, ತನ್ನ ಮನೆಯ ಅಂಗಳ ದಾಟುವ ಹಾಗೆ ಪಿಚ್ಚು ದಾಟಿ ಬಂದ. ನಡುವೆ ನಿಂತು ಒಂದು ಕಲ್ಲು ಹೆಕ್ಕಿ ಎಸೆದ. ಕೊನೆಯಲ್ಲಿ ಕ್ಯಾಪ್ಟನ್ ಗ್ಯಾಲರಿಯಲ್ಲಿದ್ದವರಿಗೆ ಕೈ ಬೀಸುತ್ತ, ಬಳಸುದಾರಿಯಲ್ಲಿ ನಿಧಾನಕ್ಕೆ ಬಂದರು. ಈ ಮನುಷ್ಯ ಸಾವಿನ ಮನೆಗೂ ಮೆರವಣಿಗೆಯಲ್ಲೇ ಬರುತ್ತಾನೆ ಎಂದುಕೊಂಡ ಫ್ಯೂಸು.

ಎಲ್ಲರೂ ಕೂತರು. ಬೆರಳಮ್ಮ ನಿಂತೇ ಇದ್ದಳು, ಕಿವಿಯ ಹಿಂದೆ ಹೊಸದೊಂದು ಹುಲ್ಲಿನ ಎಳೆ.

"ಇನ್‌ಸ್ಪೆಕ್ಟ್ರೇ, ವಿಷ ಬುಧವಾರ ಬಿತ್ತು ಅಂತೀರಿ. ವೇದಿಕೆ ಎದ್ದಿದ್ದು ಗುರುವಾರ. ಹಾಗಿದ್ರೆ ಬುಧವಾರ ವೇದಿಕೆ ಜಾಗದ ಹುಲ್ಲು ಬಯಲಲ್ಲೇ ಇತ್ತು. ಅದೂ ಸಾಯಬೇಕಿತ್ತು. ಸತ್ತಿಲ್ಲ." ಕಿವಿಯ ಹಿಂದಿನ ಎಳೆ ತೆಗೆದು ಅವರ ತೊಡೆಯ ಮೇಲೆ ಇಟ್ಟಳು. "ಬೇರು ನೋಡಿ. ಇದು ಎಲೆಗೆ ಬಿದ್ರೆ ಕೊಲ್ಲೋ ವಿಷ, ಅದೂ ಡಬ್ಬದ ಮೇಲೇ ಬರೆದಿದೆ, ನೀವು ಅರ್ಧ ಓದಿದ್ರಿ. ವೇದಿಕೆ ಕೊಡೆ ಹಿಡಿದ ಹಾಗೆ ಹಿಡಿದಿತ್ತು. ಅಂದ್ರೆ ವೇದಿಕೆ ನಿಂತಿದ್ದಾಗ ಹೊಡೆದಿದ್ದಾರೆ. ಆಗ ಇವನು ಎಲ್ಲಿದ್ದ?"

ಇನ್‌ಸ್ಪೆಕ್ಟರ್ ಎಳೆ ನೋಡಿದರು, ಮಾವನನ್ನು ನೋಡಿದರು, ಕ್ಯಾಮೆರಾ ನೋಡಿದರು.

"ನಿಮ್ಮ ಠಾಣೇಲಿ," ಎಂದು ಬೆರಳಮ್ಮನೇ ಹೇಳಿದಳು. "ಇರುವೆಯೂ ಹೊರಗೆ ಹೋಗದ ಠಾಣೇಲಿ. ಇವನ ಪರ ನಿಮಗಿಂತ ಒಳ್ಳೆ ಸಾಕ್ಷಿ ಇಲ್ಲ."

ಆಮೇಲೆ ಆಕೆ ಬ್ಯಾಟರಿಯ ಕತೆ ಹೇಳಿದಳು. ಗುರುವಾರ ತುಂಬಿದ್ದು ಸೋಮವಾರ ಖಾಲಿ. ಗಾಡಿ ನಡುವೆ ಓಡಿದೆ. ಪೆಂಡಾಲಿನವನ ಬಾಯಿಂದ ಸೊಳ್ಳೆಯವನ ಕತೆ ಹೇಳಿಸಿದಳು. ಪಾಲಿಕೆ ಯಾರನ್ನೂ ಕಳಿಸಿಲ್ಲ ಎಂದು ಕಮಿಷನರೇ ಒಪ್ಪಬೇಕಾಯಿತು. ಹಾಡುಹಗಲೇ, ಪೊಲೀಸರ ಕಾವಲಿನಲ್ಲಿ, ಅವರದೇ ಸಲಾಮು ತೆಗೆದುಕೊಂಡು ಒಬ್ಬ ಇಡೀ ಮೈದಾನಕ್ಕೆ ವಿಷ ಹಾಕಿದ್ದ. ಉಗುರು ಕತ್ತರಿ ಮಾತ್ರ ಇನ್ನೂ ಠಾಣೆಯಲ್ಲಿ ಭದ್ರವಾಗಿತ್ತು.

"ಇನ್ನು ಪಿಚ್ಚು," ಎಂದಳು. "ಸಾಕಿದವನ ಕರುಳು ಅಂದ್ರು. ಸಾಕಿದವನು ಪಿಚ್ಚನ್ನ ತುಳೀದೆ ಇರ್ತಾನಾ? ದಿನಾ ಅದರ ಮೇಲೆ ರೋಲರ್ ಎಳೀತಾನೆ, ನೀರು ಹಾಯಿಸ್ತಾನೆ. ಈಗ ಹೇಗೆ ಬಂದ, ನೋಡಿದ್ರಲ್ಲ. ಅವನು ಪಿಚ್ಚು ಉಳಿಸಬೇಕು ಅಂದ್ರೆ ಪಂಪು ನಿಲ್ಲಿಸಿ ಗಾಡಿ ನೇರ ಹಾಯಿಸ್ತಿದ್ದ. ಏನೂ ತಿಳೀದವನು ಪಂಪು ನಿಲ್ಲಿಸದೇನೇ ಹಾಯಿಸ್ತಿದ್ದ. ಪ್ರತಿ ಸಲ ಸುತ್ತಿ ಹೋಗೋನು ಒಂದೇ ಜಾತಿ. ಆಟಗಾರ. ಚಿಕ್ಕಂದಿನಿಂದ ಕಿವಿ ಹಿಂಡಿ ಕಲಿಸಿರ್ತಾರೆ, ಪಿಚ್ ಮೇಲೆ ಓಡಾಡಬೇಡ ಅಂತ. ಓಡಿದ್ರೆ ನಾವು ಅಂಪೈರುಗಳು ಬೈತೀವಿ. ತಲೆ ಮರೆತ್ರೂ ಕಾಲು ಮರೆಯಲ್ಲ. ಈಗ ಆ ಕಡೆಯಿಂದ ಎಲ್ಲರೂ ನೇರ ಬಂದ್ರಿ. ಒಬ್ಬರು ಬಿಟ್ಟು."

ಯಾರೂ ತಿರುಗಿ ನೋಡಬೇಕಾಗಿರಲಿಲ್ಲ, ಆದರೂ ಎಲ್ಲರೂ ತಿರುಗಿದರು. ಫ್ಯೂಸಿಗೆ ಆ ಬಳಸುದಾರಿಯ ನಡಿಗೆ ಈಗ ಕಣ್ಣಿಗೆ ಕಟ್ಟಿತು. ಅಷ್ಟು ದಿನ ಆರ್ಕಿಟೆಕ್ಟಿನ ಮೂಗಿಗೆ ಮೀಸಲಿಟ್ಟಿದ್ದ ಸಿಟ್ಟು ದಿಕ್ಕಿಲ್ಲದೆ ನಿಂತಿತು.

ಕ್ಯಾಪ್ಟನ್ ನಕ್ಕರು. ಒಳ್ಳೆಯ ನಗು, ಪೋಸ್ಟರಿನದು. ನಡೆದ ದಾರಿ ನೋಡಿ ಗಲ್ಲಿಗೇರಿಸುವ ಕಾನೂನು ಯಾವಾಗ ಬಂತೆಂದು ಕೇಳಿದರು. ಈ ಮೈದಾನಕ್ಕಾಗಿ ತಾನು ಉಪವಾಸ ಕೂತದ್ದನ್ನು ನೆನಪಿಸಿದರು.

"ಕೂತಿದ್ರಿ. ಉಳಿದ್ರೆ ಉಳಿಸಿದ ವೀರ, ಹೋದ್ರೆ ಕಣ್ಣೀರಿಟ್ಟ ವೀರ. ಹೊಸ ಅರೀನಾ ಮುಂದೆ ಒಂದು ಬೊಂಬೆ ಇದೆ. ಎಡಗೈ ಬ್ಯಾಟುಗಾರ. ಈ ಊರಿನ ತಂಡ ನಡೆಸಿದ ಎಡಗೈಯವರು ಎಷ್ಟು ಜನ?" ಆಕೆ ಆರ್ಕಿಟೆಕ್ಟಿನ ಕಡೆ ತಿರುಗಿದಳು. "ಹಲಗೆ ಮೇಲೆ ಯಾವ ಹೆಸರಪ್ಪ?"

ಆರ್ಕಿಟೆಕ್ಟ್ ಫೋನು ಜೇಬಿಗಿಟ್ಟುಕೊಂಡ. ಮುಳುಗುವ ದೋಣಿಯಿಂದ ಮೊದಲು ಹಾರುವವರು ಯಾರೆಂದು ಅವನ ವೃತ್ತಿ ಅವನಿಗೆ ಕಲಿಸಿತ್ತು. ಕ್ಯಾಪ್ಟನ್ನರ ಹೆಸರೇ, ಎಂದ.

"ಅದು ನಾಯಕರ ಪ್ರೀತಿ," ಎಂದರು ಕ್ಯಾಪ್ಟನ್. "ಅಪರಾಧವಲ್ಲ."

"ಅಲ್ಲ," ಎಂದಳು ಬೆರಳಮ್ಮ. ಗಾಡಿಯ ಹಿಡಿಯನ್ನು ಅವರ ಕಡೆ ತಿರುಗಿಸಿದಳು. "ಡ್ರಮ್ಮಲ್ಲಿ ಬರೀ ನೀರಿದೆ. ಇಲ್ಲಿಂದ ಪೆವಿಲಿಯನ್ನಿಗೆ ತಳ್ಕೊಂಡು ಹೋಗಿ. ನೇರ, ಪಿಚ್ ಮೇಲೇ. ಹೋದ್ರೆ ಎಲ್ಲರ ಮುಂದೆ ನಿಮ್ಮ ಕಾಲು ಹಿಡೀತೀನಿ, ಕೋಣೆ ಬೀಗದ ಕೈಯನ್ನೂ ಕೊಡ್ತೀನಿ."

ಹೋಗದೆ ಇರುವ ಹಾಗಿರಲಿಲ್ಲ, ಕ್ಯಾಮೆರಾಗಳು ನೋಡುತ್ತಿದ್ದವು. ಕ್ಯಾಪ್ಟನ್ ಎದ್ದರು. ಗಾಡಿಯ ಹಿಡಿಯನ್ನು ಕೈಗಳು ತಾವಾಗಿಯೇ ಹಿಡಿದವು. ಪಂಪಿನ ಗುಂಡಿ ಎಲ್ಲಿದೆಯೆಂದು ಯಾರೂ ತೋರಿಸಬೇಕಾಗಲಿಲ್ಲ. ಹೆಬ್ಬೆರಳು ಹಿಡಿಯ ಕೆಳಗೆ ಹೋಗಿ ಅದನ್ನು ಒತ್ತಿತು. ಒಣಹುಲ್ಲು ಪಟಪಟನೆ ಮುರಿಯುತ್ತ ಗಾಡಿ ಸಾಗಿತು. ಪಿಚ್ಚಿನ ಅಂಚಿಗೆ ಬಂದು ನಿಂತಿತು.

ಅವರು ತಳ್ಳಲು ನೋಡಿದರು. ಭುಜ ಮುಂದೆ ಬಂತು, ಕಾಲು ಬರಲಿಲ್ಲ. ಇನ್ನೊಮ್ಮೆ ನೋಡಿದರು. ಇಡೀ ಮೈದಾನವನ್ನು ಕೊಂದ ಮನುಷ್ಯನಿಗೆ ಆ ಹಸಿರಿನ ಮೇಲೆ ಒಂದು ಗಾಲಿ ಇಡಲಾಗಲಿಲ್ಲ. ಸುಟ್ಟರೂ ಹೋಗದ್ದು ಹುಟ್ಟುಗುಣ ಎನ್ನುತ್ತಾರೆ. ಇವನ ಹುಟ್ಟುಗುಣದಲ್ಲಿ ಒಳ್ಳೆಯದು ಅಂತ ಇದ್ದದ್ದೇ ಇದೊಂದು, ಅದೇ ಅವನನ್ನು ಹಿಡಿದುಕೊಟ್ಟಿತು.

"ಈ ನೆಲಕ್ಕೆ ನನ್ನ ಮೊಣಕಾಲು ಕೊಟ್ಟಿದ್ದೀನಿ," ಎಂದರು ಕ್ಯಾಪ್ಟನ್, ಯಾರನ್ನೂ ನೋಡದೆ. "ಒಂದು ಗ್ಯಾಲರಿಗೆ ನನ್ನ ಹೆಸರಿಡಿ ಅಂತ ಕೇಳಿದೆ. ಪೂರ್ವ, ಪಶ್ಚಿಮ ಅಂತಾರೆ. ಸಾಬೂನು ಮಾರಿದವನ ತಲೆ ಗೇಟಲ್ಲಿ. ನಾನು?"

ಮಾವ ಆ ದಿನ ಮೊದಲ ಸಲ ಬಾಯಿಬಿಟ್ಟ. "ಡಬ್ಬ ನನ್ನ ಶೆಡ್ಡಲ್ಲಿ ಯಾಕಿಟ್ರಿ ಸಾರ್?"

ಕ್ಯಾಪ್ಟನ್ ಗಾಡಿಯ ಹಿಡಿಯಿಂದ ಕೈ ತೆಗೆದರು. ತಿಂದ ಮೊಸರನ್ನು ಕೋತಿ ಯಾರ ಬಾಯಿಗಾದರೂ ಒರೆಸಲೇಬೇಕು. ಹತ್ತಿರ ಸಿಕ್ಕಿದ ಬಾಯಿ ಮಾತಾಡದ್ದಾಗಿತ್ತು, ಅಷ್ಟೇ.

ಬೆರಳಮ್ಮ ಬಲಗೈ ಮೇಲೆತ್ತಿದಳು. ಒಂದು ಬೆರಳು.

ಕಮಿಷನರಿಗೆ ಕ್ಯಾಪ್ಟನ್ನಿಗಿಂತ ಅರೀನಾದ ಚಿಂತೆ. ಯಾರೇ ಹೊಡೆದಿರಲಿ, ಹುಲ್ಲು ಸತ್ತದ್ದು ಸತ್ತದ್ದೇ ಅಲ್ಲವೇ, ಈ ಚೂರುಪಾರು ಹಸಿರಿನಿಂದ ಏನಾಗುತ್ತದೆ ಎಂದು ರಾಗ ಎಳೆದರು.

"ಕಲ್ಲಲ್ಲಿ ಎಷ್ಟು ಹುಲ್ಲು ಅಂತ ಬರೆದಿಲ್ಲ ಸ್ವಾಮಿ," ಎಂದಳು ಬೆರಳಮ್ಮ. "ಬೆಳೆಯುವಷ್ಟು ಕಾಲ ಅಂತಿದೆ. ಬೆಳೀತಿದೆ. ಕೊಂದವನೇ ಬಿಟ್ಟುಹೋಗಿದ್ದಾನೆ. ಉಳಿದಿದ್ದನ್ನ ನಿಮ್ಮ ನಾಯಕರ ವೇದಿಕೆ ಕಾಪಾಡಿದೆ. ಅವರು ಜನಕ್ಕೆ ಮಾಡಿದ ಉಪಕಾರ ಇದೊಂದೇ, ಅದನ್ನೂ ಅಳಿಸ್ತೀರಾ?"

ಕ್ಯಾಮೆರಾಗಳು ಕಮಿಷನರ ಕಡೆ ತಿರುಗಿದವು. ಅವರು ಟೈ ಸರಿಮಾಡಿಕೊಂಡು, ಪಾಲಿಕೆ ಯಾವತ್ತೂ ಹುಲ್ಲಿನ ಪರವಾಗಿಯೇ ಇದೆ ಎಂದು ಹೇಳಿಕೆ ಕೊಟ್ಟರು.

ಇನ್‌ಸ್ಪೆಕ್ಟರ್ ಕ್ಯಾಪ್ಟನ್ನನ್ನು ತೋಳು ಹಿಡಿದು ನೇರ ಜೀಪಿನ ಕಡೆ ನಡೆಸಿದರು. ಪಿಚ್ಚಿನ ಬಳಿ ಇಬ್ಬರ ನಡುವೆ ಸಣ್ಣ ಜಗ್ಗಾಟವಾಯಿತು. ಇನ್‌ಸ್ಪೆಕ್ಟರು ಅಡ್ಡ ದಾಟಿದರು, ಕ್ಯಾಪ್ಟನ್ ಸುತ್ತಿ ಹೋದರು, ಆಚೆ ಬದಿಯಲ್ಲಿ ಮತ್ತೆ ತೋಳು ಹಿಡಿಸಿಕೊಂಡರು.

ಮಾವ ಇದಾವುದನ್ನೂ ನೋಡುತ್ತಿರಲಿಲ್ಲ. ವೇದಿಕೆಯ ಜಾಗದಲ್ಲಿ ಕೂತು, ಬೆಳಕು ಹುಡುಕಿ ಉದ್ದಕ್ಕೆ ಹರಿದಿದ್ದ ಬಿಳಿ ಬಳ್ಳಿಗಳನ್ನು ಒಂದೊಂದಾಗಿ ಬಿಡಿಸಿ ಒದ್ದೆ ಗೋಣಿಯಲ್ಲಿ ಸುತ್ತುತ್ತಿದ್ದ. ಇವನ್ನೇ ಗೆಣ್ಣು ಗೆಣ್ಣಾಗಿ ಕತ್ತರಿಸಿ ನೆಟ್ಟರೆ ಮಳೆಗಾಲದೊಳಗೆ ಅರ್ಧ ಮೈದಾನವಾದರೂ ಮೈ ಮುಚ್ಚಿಕೊಳ್ಳುತ್ತದೆ ಎಂದ. ಹಾರೆ ತರಲು ಶೆಡ್ಡಿಗೆ ಹೋಗಬೇಕಿತ್ತು, ಅದಕ್ಕೆ ಪೊಲೀಸರು ಸಾಕ್ಷಿಯೆಂದು ಆಗಷ್ಟೇ ಬೀಗ ಜಡಿದಿದ್ದರು. ಫ್ಯೂಸು ದೀಪದ ಕಂಬದ ಬುಡದಲ್ಲಿ ಹುಡುಕಿ, ಆ ದಿನ ಬಿದ್ದ ಸ್ಪ್ಯಾನರನ್ನು ಒಣಹುಲ್ಲಿನಿಂದ ಹೆಕ್ಕಿ ತಂದ. ಮಾವನ ಪಕ್ಕ ಕೂತು, ಅದರ ತುದಿಯಿಂದ ನೆಲಕ್ಕೆ ಕುತ್ತಿದ. ಕುತ್ತುವಾಗ ಪ್ರತಿ ಗುಂಡಿಗೂ ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದ: ಸಾಬೂನಿನ ಧಣಿಗೆ ಒಂದು, ನಾಯಕರಿಗೆ ಒಂದು, ಕಮಿಷನರಿಗೆ ಒಂದು.

"ಆಳವಾಯ್ತು," ಎಂದ ಮಾವ. "ಸ್ವಲ್ಪ ಕಡಿಮೆ ಬೈಯಿ."